ಎತ್ತಿದ ಕಾಲು

2017ರಲ್ಲಿ, ಕಂಪ್ಯೂಟರಿನಲ್ಲಿ ಗೊಂಬೆ ಮಾಡಿ ಕುಣಿಸುವ ಬ್ಲೆಂಡರ್ ಎಂಬ ತಂತ್ರಾಂಶದ 2.79ನೆಯ ಆವೃತ್ತಿಯಲ್ಲಿ ನಾನೊಬ್ಬ ಅಂಚೆಯಣ್ಣನನ್ನು ಮಾಡಿದ್ದೆ. ಖಾಕಿ ಅಂಗಿ, ಹೆಗಲಿಗೆ ಚೀಲ, ಮುಖಕ್ಕಿಂತ ಅಗಲವಾದ ಮೀಸೆ. ಎರಡು ಹೆಜ್ಜೆ ಕಲಿಸುವಷ್ಟರಲ್ಲಿ ಮಗಳು ಹುಟ್ಟಿದಳು. ಮೂರನೆಯ ಹೆಜ್ಜೆಗೆಂದು ಎತ್ತಿದ ಕಾಲನ್ನು ಅವನು ಹಾರ್ಡ್‌ಡಿಸ್ಕ್‌ನಲ್ಲಿ ಹಾಗೆಯೇ ಎತ್ತಿಕೊಂಡು ನಿಂತ.

ಕಳೆದ ತಿಂಗಳು ಮಗಳು, "ಅಪ್ಪಾ, ನೀನು ಗೊಂಬೆ ಕುಣಿಸುತ್ತಿದ್ದೆಯಂತೆ, ತೋರಿಸು" ಎಂದಳು. ಹೊಸ ಆವೃತ್ತಿಯನ್ನು ಇಳಿಸಿಕೊಂಡೆ. ತೆರೆದ ಕೂಡಲೇ ಒಂದು ಪೆಟ್ಟಿಗೆ ಬಂದು ಏನೋ ಕೇಳಿತು. ಇಂಥ ಪೆಟ್ಟಿಗೆಗಳನ್ನು ಓದದೆ ಮುಚ್ಚುವುದು ನನ್ನ ವಾಡಿಕೆ.

ಗೊಂಬೆಯ ಅಂಗಾಂಗಗಳನ್ನು ಆಡಿಸುವುದು ಒಳಗೆ ಕೂರಿಸಿದ ಮೂಳೆಗಳು. ತೊಡೆಯ ಮೂಳೆಯನ್ನು ಆರಿಸಲು ಹಳೆಯ ರೂಢಿಯಂತೆ ಮೌಸಿನ ಬಲಗುಂಡಿ ಒತ್ತಿದೆ. ಮೂಳೆಯ ಬದಲು ಒಂದು ಮೆನು ಇಳಿಯಿತು. 2019ರ 2.80 ಆವೃತ್ತಿಯಿಂದಲೇ ಆಯ್ಕೆಗೆ ಎಡಗುಂಡಿಯ ಆಳ್ವಿಕೆ ಬಂದಿರುವುದು ನನಗೆ ಗೊತ್ತಿರಲಿಲ್ಲ. ಸರಿ, ಹುಡುಕುವ ಪೆಟ್ಟಿಗೆ ತೆರೆಯೋಣವೆಂದು ಹಳೆಯ ಅಭ್ಯಾಸದಂತೆ ಸ್ಪೇಸ್ ಒತ್ತಿದರೆ ಅಂಚೆಯಣ್ಣ ಎರಡು ಹೆಜ್ಜೆ ನಡೆದು, ಕಾಲೆತ್ತಿ, ಮತ್ತೆ ಮೊದಲಿಂದ ಹೊರಟ. ಗಾಬರಿಯಿಂದ ಮತ್ತೊಮ್ಮೆ ಒತ್ತಿದೆ, ನಿಂತ. ಅರ್ಜಿ ಹಿಡಿದು ಹೋದಾಗಲೆಲ್ಲ ಚಹಾಕ್ಕೆ ಎದ್ದು ಹೋಗುವ ಗುಮಾಸ್ತನ ಹಾಗೆ, ನಾನು ಸಹಾಯ ಕೇಳಿದಾಗಲೆಲ್ಲ ನಡೆಯತೊಡಗುತ್ತಿದ್ದ.

ಮೂಳೆಗಳ ಹೆಸರಾದರೂ ಕೈಹಿಡಿಯಬಹುದೆಂದು ನೋಡಿದೆ. ಬೋನ್.014, ಬೋನ್.015, ಬೋನ್.015.001. ಆ ಕಾಲದ ನನಗೆ ಇವೆಲ್ಲ ನೆಂಟರಷ್ಟು ಪರಿಚಿತವಾಗಿದ್ದಿರಬೇಕು.

ತಲೆ ತಿರುಗಿಸಿದರೆ ಮೀಸೆ ತುಸು ಹಿಂದೆಯೇ ಉಳಿಯುತ್ತಿತ್ತು. ಅದನ್ನು ಸರಿಪಡಿಸೋಣವೆಂದು ವೇಟ್ ಪೇಂಟ್‌ಗೆ ಹೋದೆ. ಯಾವ ಮೂಳೆ ಚರ್ಮದ ಯಾವ ಭಾಗವನ್ನು ಎಷ್ಟು ಎಳೆಯಬೇಕೆಂದು ಬಣ್ಣದಲ್ಲೇ ಹೇಳುವ ಜಾಗ ಅದು: ನೀಲಿಯಾದರೆ ಸಂಬಂಧವಿಲ್ಲ, ಕೆಂಪಾದರೆ ಬಿಡದ ನಂಟು. ಮೀಸೆಯ ತುದಿಯಿಂದ ತುದಿಗೆ ಒಣಮೆಣಸಿನಕಾಯಿಯಷ್ಟು ಕೆಂಪಾಗಿ ಬಳಿದೆ. ಬಳಿದದ್ದು ತಲೆಯ ಮೂಳೆಗೆಂದು ನನ್ನ ನಂಬಿಕೆ. ಆಯ್ಕೆಯಾಗಿದ್ದದ್ದು ಬಲಗೈ ಮೂಳೆ. ಸಲಾಮು ಹೊಡೆಸಲು ಕೈಯೆತ್ತಿದೆ. ಮೀಸೆ ಮುಖವನ್ನು ಬಿಟ್ಟು ಕೈಯ ಹಿಂದೆ ಹೊರಟಿತು. ಕೆಲವು ಎಳೆಗಳು ಮಾತ್ರ ಮೂಗಿನ ಕೆಳಗೇ ಅಂಟಿಕೊಂಡು, ಒತ್ತಿನಿಂದ ಇಳಿಯುವ ಶಾವಿಗೆಯಂತೆ ಉದ್ದಕ್ಕೆ ಜಗ್ಗಿದವು. ಮಗಳು ನಕ್ಕ ನಗುವಿಗೆ ಅಡುಗೆಮನೆಯಿಂದ ಹೆಂಡತಿಯೂ ಬಂದು ನೋಡಿದಳು.

ಮಾನ ಉಳಿಸಿಕೊಳ್ಳಲು ಕಾಲಿನ ಕಡೆ ತಿರುಗಿದೆ. ಮೊಣಕಾಲು ಯಾವ ದಿಕ್ಕಿಗೆ ಬಾಗಬೇಕೆಂದು ತೀರ್ಮಾನಿಸುವ ಪೋಲ್ ಆಂಗಲ್‌ನಲ್ಲಿ -90 ಎಂದಿತ್ತು. ಏನೋ ಒರೆಸುವಾಗ ಆ ಋಣಚಿಹ್ನೆ ಹೋಯಿತು. ಮೊಣಕಾಲು ಹಿಂದಕ್ಕೆ ಮುರಿಯಿತು.

"ಅಪ್ಪಾ, ಇವನು ಕೊಕ್ಕರೆಯೇ?" ಎಂದಳು ಮಗಳು.

ಎಂಟು ರಾತ್ರಿ ಕುಳಿತೆ. ಮೀಸೆ ಮುಖಕ್ಕೆ ಮರಳಿತು, ಮೊಣಕಾಲು ಮುಂದಕ್ಕೆ ಬಂತು, ಬೆರಳುಗಳೂ ಒಲ್ಲದ ಮನಸ್ಸಿನಿಂದ ಎಡಗುಂಡಿಗೆ ಒಗ್ಗಿದವು. ಒಂಬತ್ತನೆಯ ರಾತ್ರಿ ಸೆಟ್ಟಿಂಗ್ಸ್‌ನಲ್ಲಿ ಅಲೆಯುವಾಗ ಹಳೆಯ 2.7ರ ಕೀಲಿಗಳನ್ನೇ ಬಳಸುವ ಆಯ್ಕೆ ಕಣ್ಣಿಗೆ ಬಿತ್ತು. ಮೊದಲ ದಿನದ ಆ ಪೆಟ್ಟಿಗೆ ಕೇಳಿದ್ದು ಇದನ್ನೇ.

ತವರಿಗೆ ಬಂದಷ್ಟು ಖುಷಿಯಿಂದ ಅದನ್ನೇ ಆರಿಸಿ, ಮಗಳನ್ನು ಕೂಗಿದೆ. "ಈಗ ನೋಡು, ಹೇಗೆ ನಡೆಯುತ್ತಾನೆ!" ಎಂದು ಸ್ಪೇಸ್ ಒತ್ತಿದೆ. ಹುಡುಕುವ ಪೆಟ್ಟಿಗೆ ತೆರೆದುಕೊಂಡಿತು. ಅದರ ಹಿಂದೆ ಅಂಚೆಯಣ್ಣ ಕಾಲೆತ್ತಿಕೊಂಡು ನಿಂತಿದ್ದ.