ಬಂಗಾರದ ಕಕ್ಕಸಿಗೆ ಮಜೂರಿ ಎಷ್ಟು?

ಆ ಬಂಗಾರದ ಕಕ್ಕಸಿನ ಸುದ್ದಿಯನ್ನು ನಾನು ಮೊದಲಿಂದ ಹೇಳಬೇಕಿಲ್ಲ. 2025ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಸೋಥೆಬೀಸ್ ಹರಾಜು ಅಂಗಡಿಯ ಸವಾಲಿನಲ್ಲಿ ಕಲಾಕೃತಿ ಅಂತ ಹೋಯಿತಲ್ಲ, ಅದೇ. ಊರಿನ ಪ್ರತಿ ವಾಟ್ಸ್ಯಾಪ್ ಗುಂಪಿನಲ್ಲೂ ಮೂರು ಮೂರು ಸಲ ಬಂತು. ನನಗೆ ಮಾತ್ರ ಅದು ಸರಿಯಾದ ಜಾಗದಲ್ಲೇ ಸಿಕ್ಕಿತು. ಗಂಗಾವತಿಯ ಒಂದು ಸರಾಫ್ ಅಂಗಡಿಯಲ್ಲಿ ಅಕ್ಕನ ಪಕ್ಕ ಕೂತಿದ್ದೆ. ಅಕ್ಕನ ಮಗಳ ಮದುವೆ. ಹತ್ತು ಗ್ರಾಂ ಬಂಗಾರ ಲಕ್ಷ ದಾಟಿ ಕೂತಿತ್ತು. ಅಕ್ಕ ಒಂದು ಬೋರಮಾಳ ಸರವನ್ನು ಎತ್ತಿ, ತೂಗಿ ನೋಡಿ, ಕೆಳಗಿಟ್ಟು, ಮತ್ತೆ ಎತ್ತಿ, ಮಜೂರಿ ಕಡಿಮೆ ಮಾಡು ಅಂತ ಅಂಗಡಿಯವನ ಜೊತೆ ಒಂದು ತಾಸಿನಿಂದ ಜಗ್ಗಾಡುತ್ತಿದ್ದಳು.

"ಯಾಕೋ ತಮ್ಮಾ, ನಗಾಕತ್ತೀಯಲ್ಲ?" ಅಂದಳು.

"ಅಮೆರಿಕದಾಗ ಬಂಗಾರದ ಕಕ್ಕಸು ಮಾರ್‍ಯಾರಂತ ಅಕ್ಕಾ. ನೂರಾ ಒಂದು ಕೆಜಿ."

ಅಕ್ಕ ಹೌಹಾರಲಿಲ್ಲ. "ಎಷ್ಟ ಕ್ಯಾರೆಟ್ಟು?"

"ಹದಿನೆಂಟು."

"ಥೂ! ಹದಿನೆಂಟು ಕ್ಯಾರೆಟ್ ಹಾಕಿ ಹೆಣ್ಣ ಕೊಟ್ರ ಬೀಗರು ಸುಮ್ನಿರ್ತಾರೇನು?" ಅಂದವಳು, ಸರವನ್ನು ಮತ್ತೆ ಕೈಗೆತ್ತಿಕೊಂಡು ಕೇಳಿದಳು, "ಮಜೂರಿ ಎಷ್ಟ ಹಿಡಿದ್ರಂತ?"

ಜಗತ್ತಿನ ಕಲಾ ವಿಮರ್ಶಕರೆಲ್ಲ ಸೇರಿ ಬರೆದಿದ್ದರಲ್ಲಿ ಇಷ್ಟು ಸರಿಯಾದ ಪ್ರಶ್ನೆ ನನಗೆ ಸಿಕ್ಕಿರಲಿಲ್ಲ. ಲೆಕ್ಕ ಹಾಕಿ ನೋಡಿ. ಕಕ್ಕಸಿನ ಆರಂಭದ ಬೆಲೆ ಅಂದರೆ ಆವತ್ತಿನ ಬಂಗಾರದ ರೇಟು. ಅದು ಹೆಚ್ಚುಕಡಿಮೆ 1 ಕೋಟಿ ಡಾಲರ್. ಕೂಗಿದವರು ಒಬ್ಬರೇ. ಸುತ್ತಿಗೆ ಬಿದ್ದಿದ್ದೂ ಆ 1 ಕೋಟಿಗೇ. ಅದರ ಮೇಲೆ ಸೋಥೆಬೀಸ್‌ನವರ ಕಮಿಷನ್ ಸೇರಿ ಬಿಲ್ಲು 1.21 ಕೋಟಿ ಡಾಲರ್. ನಮ್ಮ ದುಡ್ಡಿನಲ್ಲಿ ನೂರು ಕೋಟಿ ರೂಪಾಯಿಗೂ ಜಾಸ್ತಿ. ಅಂದರೆ ಬಂಗಾರಕ್ಕೆ ಬಂಗಾರದ ಬೆಲೆ ಬಂತು, ದಲ್ಲಾಳಿಗೆ ದಲ್ಲಾಳಿಯದು ಬಂತು, ಮಜೂರಿ ಸೊನ್ನೆ. ಕಲೆ ಅಂತ ಯಾವುದನ್ನು ಕೊಂಡಾಡಿದರೋ ಅದಕ್ಕೆ ಆ ಕೋಣೆಯಲ್ಲಿ ಒಬ್ಬನೂ ಒಂದು ಪೈಸೆ ಹೆಚ್ಚಿಗೆ ಕೊಡಲಿಲ್ಲ. ವೇಸ್ಟೇಜೂ ಹಿಡಿಯಲಿಲ್ಲ. ಕಕ್ಕಸಿನ ವೇಸ್ಟೇಜು ಬೇರೆ ಲೆಕ್ಕ, ಬಿಡಿ.

ಇದನ್ನು ಮಾಡಿಸಿದ ಮಹಾನುಭಾವ ಇಟಲಿಯ ಕಲಾವಿದ ಮೌರಿಜಿಯೊ ಕ್ಯಾಟೆಲನ್. ಕೃತಿಯ ಹೆಸರು 'ಅಮೆರಿಕ'. ಶ್ರೀಮಂತಿಕೆಯನ್ನು ಗೇಲಿ ಮಾಡುವ ಕೃತಿಯಂತೆ. ಗೇಲಿಗೆ ಒಳಗಾದವರೇ ಕೊಂಡು, ಗೇಲಿಗೆ ಒಳಗಾದವರೇ ಮಾರಿ, ಗೇಲಿಗೆ ಒಳಗಾದವರೇ ಚಪ್ಪಾಳೆ ತಟ್ಟುವ ಇಂಥ ಗೇಲಿಯನ್ನು ನಾನೂ ಬರೆಯಬೇಕು ಅಂತ ಬಹಳ ಆಸೆ. ಇದರದೇ ಇನ್ನೊಂದು ಪ್ರತಿಯನ್ನು ಇಂಗ್ಲೆಂಡಿನ ಬ್ಲೆನಿಮ್ ಅರಮನೆಯಲ್ಲಿ ಪೈಪು ಜೋಡಿಸಿ ಕೂರಿಸಿದ್ದರು. 2019ರ ಸೆಪ್ಟೆಂಬರ್‌ನಲ್ಲಿ ಕಳ್ಳರು ನುಗ್ಗಿ ಕಿತ್ತುಕೊಂಡು ಹೋದರು. ನೀರು ಹರಿದು ಅರಮನೆ ಒದ್ದೆ. 2025ರಲ್ಲಿ ಕೆಲವರಿಗೆ ಶಿಕ್ಷೆಯೂ ಆಯಿತು, ಕಕ್ಕಸು ಮಾತ್ರ ಸಿಗಲಿಲ್ಲ. ಕರಗಿಸಿರಬೇಕು ಅಂತ ಅಂದಾಜು. ಕಳ್ಳರೂ ತೂಕ ನೋಡಿಯೇ ಒಯ್ದರು, ಕೊಂಡವರೂ ತೂಕ ನೋಡಿಯೇ ಕೂಗಿದರು. ಒಬ್ಬರು ಜೈಲಿಗೆ, ಇನ್ನೊಬ್ಬರು ಪೇಪರಿಗೆ. ಕೊಂಡವರು ಯಾರು ಗೊತ್ತಲ್ಲ? ರಿಪ್ಲೀಸ್ ಬಿಲೀವ್ ಇಟ್ ಆರ್ ನಾಟ್. ಚಿತ್ರವಿಚಿತ್ರ ವಸ್ತುಗಳ ಮ್ಯೂಸಿಯಂ ನಡೆಸುವ 'ನಂಬಿದರೆ ನಂಬಿ, ಬಿಟ್ಟರೆ ಬಿಡಿ' ಕಂಪನಿ. ಇಡೀ ವ್ಯವಹಾರದಲ್ಲಿ ಹೆಸರಿಗೆ ತಕ್ಕಂತೆ ನಡೆದುಕೊಂಡವರು ಅವರೊಬ್ಬರೇ.

ಅದೇ ಸಂಜೆ ಆಸ್ಟ್ರಿಯಾದ ಚಿತ್ರಕಾರ ಗುಸ್ಟಾವ್ ಕ್ಲಿಮ್ಟ್ ಬರೆದ ಒಬ್ಬ ಹೆಣ್ಣುಮಗಳ ಚಿತ್ರ 23.64 ಕೋಟಿ ಡಾಲರ್‌ಗೆ ಹೋಯಿತು. ಎರಡು ಸಾವಿರ ಕೋಟಿ ರೂಪಾಯಿ ಮೇಲೆ. ಇಪ್ಪತ್ತು ನಿಮಿಷ ಜಗ್ಗಾಡಿದರಂತೆ. ಅಕ್ಕ ಒಂದೂವರೆ ಗ್ರಾಂ ಮಜೂರಿಗೆ ಒಂದು ತಾಸು ಜಗ್ಗಾಡಿದ್ದಾಳೆ, ಅವಳ ಮುಂದೆ ಇವರು ಏನೂ ಅಲ್ಲ.

ನಮ್ಮ ಕಡೆ ಹರಾಜಿಗೆ ಸವಾಲು ಅಂತಲೇ ಹೇಳುವುದು. ಆ ಮಾತು ಎಷ್ಟು ಚೆಂದ ನೋಡಿ, ಕರೆದು ಕೆಣಕುತ್ತದೆ. ಜಾತ್ರೆಯಲ್ಲಿ ದೇವರ ತೆಂಗಿನಕಾಯಿ ಸವಾಲು ನೋಡಿದ್ದೀರಲ್ಲ. ಹೋದ ವರ್ಷ ಸೋತ ಗೌಡರು ಈ ವರ್ಷ ಪಟ್ಟು ಬಿಡುವುದಿಲ್ಲ, ಕಾಯಿ ಬೆಲೆ ಇಪ್ಪತ್ತೈದು ರೂಪಾಯಿಯಿಂದ ಹೊರಟು ಐವತ್ತು ಸಾವಿರ ಮುಟ್ಟುತ್ತದೆ. ಕೊನೆಗೆ ಗೆದ್ದವರು ದುಡ್ಡು ಯಾವಾಗ ಕೊಡುತ್ತಾರೆ ಅನ್ನುವುದು ದೇವರಿಗೇ ಬಿಟ್ಟಿದ್ದು. ಆದರೂ ಅಲ್ಲಿ ಕೂಗುವವರು ನಿಜವಾದ ಮನುಷ್ಯರು. ನ್ಯೂಯಾರ್ಕ್, ಲಂಡನ್ನಿನ ದೊಡ್ಡ ಸವಾಲುಗಳಲ್ಲಿ ಒಂದು ಮಜಾ ಇದೆ. ಮಾರುವವನು ಹೇಳಿದ ಕನಿಷ್ಠ ಬೆಲೆ ಮುಟ್ಟುವ ತನಕ ಸವಾಲು ಕೂಗುವವನು ಯಾರೂ ಇಲ್ಲದ ಕಡೆ ಕೈ ತೋರಿಸಿ ತಾನೇ ಬೆಲೆ ಏರಿಸಬಹುದು. ಗೋಡೆ ಕೂಗಿತು, ತೂಗುದೀಪ ಕೂಗಿತು. ಅದಕ್ಕೆ 'ಶಾಂಡೆಲಿಯರ್ ಬಿಡ್' ಅಂತ ಹೆಸರೂ ಇದೆ. ಕಾಯಿದೆ ಪ್ರಕಾರ ತಪ್ಪಲ್ಲ. ನಮ್ಮ ಜಾತ್ರೆಯಲ್ಲಿ ಪೂಜಾರಿ ಹೀಗೆ ಗರುಡಗಂಬಕ್ಕೆ ಕೈ ತೋರಿಸಿ "ಗರುಡಗಂಬ ನಲವತ್ತು ಸಾವಿರ" ಅಂದರೆ ಏನಾಗುತ್ತದೆ ಹೇಳಿ?

ದನದ ಸಂತೆಯಲ್ಲಿ ದಲ್ಲಾಳಿಗಳು ಟವೆಲ್ಲಿನ ಅಡಿ ಕೈ ಹಾಕಿ, ಬೆರಳು ಹಿಡಿದು ವ್ಯಾಪಾರ ಮಾಡುತ್ತಿದ್ದರಲ್ಲ, ಅದನ್ನು ಹಳ್ಳಿಗಾಡಿನ ಮೋಸ ಅಂತ ಓದಿದವರು ಮೂಗು ಮುರಿಯುತ್ತಿದ್ದರು. ಅಲ್ಲೂ ಟವೆಲ್ಲಿದೆ, ರೇಷ್ಮೆಯದು ಅಷ್ಟೆ. ಸವಾಲಿಗೆ ಮುಂಚೆಯೇ ಒಬ್ಬ ಶ್ರೀಮಂತನ ಜೊತೆ ಮಾತು ಆಗಿರುತ್ತದೆ, ಯಾರೂ ಬಾರದಿದ್ದರೆ ಇಷ್ಟಕ್ಕೆ ನಾನು ಕೊಳ್ಳುತ್ತೇನೆ ಅಂತ. ಬೇರೆಯವರು ಜಾಸ್ತಿ ಕೂಗಿ ಕೊಂಡರೆ ಆತನಿಗೆ ಸುಮ್ನೆ ಕೂತಿದ್ದಕ್ಕೇ ಪಾಲು. ಇದರ ಹೆಸರು ಗ್ಯಾರಂಟಿ. ನಮ್ಮ ಸರ್ಕಾರದ ಗ್ಯಾರಂಟಿಗಳಿಗೆ 'ಬಿಟ್ಟಿ ಭಾಗ್ಯ' ಅಂತ ಮೂಗು ಹಿಡಿಯುವವರು ಇದನ್ನು ಒಮ್ಮೆ ಓದಬೇಕು.

ಇನ್ನು ಅಂಗಡಿ ಯಾರದು? ಇಂಥದೇ ಇನ್ನೊಂದು ದೊಡ್ಡ ಹರಾಜು ಅಂಗಡಿ ಕ್ರಿಸ್ಟೀಸ್, ಅದರ ಮಾಲೀಕ ಫ್ರಾನ್ಸಿನ ಫ್ರಾನ್ಸ್ವಾ ಪಿನೋ, 1998ರಿಂದ. ಸೋಥೆಬೀಸನ್ನು 2019ರಲ್ಲಿ ಪ್ಯಾಟ್ರಿಕ್ ದ್ರಾಹಿ ಕೊಂಡರು. ಕೇಬಲ್ಲು, ಟೆಲಿಫೋನಿನ ಸಾಹುಕಾರ. ಪಿನೋ ಅವರೇ ಜಗತ್ತಿನ ದೊಡ್ಡ ಚಿತ್ರ ಸಂಗ್ರಹಕಾರರೂ ಹೌದು. ದಲ್ಲಾಳಿ ಅಂಗಡಿಯ ಸಾಹುಕಾರನೇ ದೊಡ್ಡ ಖರೀದಿದಾರ. ಇದು ನಮ್ಮ ಭತ್ತ ಬೆಳೆಯುವ ರೈತನಿಗೆ ಹೊಸದಾಗಿ ತಿಳಿಸಿ ಹೇಳಬೇಕಾದ ವಿಷಯ ಅಲ್ಲ. ಪಿನೋ ಅವರ ಸಂಗ್ರಹ ಪ್ಯಾರಿಸ್ಸಿನಲ್ಲಿ ಇರುವ ಕಟ್ಟಡ, ನಂಬುತ್ತೀರೋ ಇಲ್ಲವೋ, ಹಳೇ ಕಾಳಿನ ಮಾರ್ಕೆಟ್ಟು. ಗೋಧಿ ವ್ಯಾಪಾರ ನಡೆಯುತ್ತಿದ್ದ ಗುಂಡನೆಯ ಮಾರುಕಟ್ಟೆ. 2021ರಿಂದ ಅಲ್ಲಿ ಚಿತ್ರ ನೇತು ಹಾಕಿದ್ದಾರೆ. ರಾಯಚೂರಿನ ಹತ್ತಿ ಮಾರ್ಕೆಟ್ಟಿಗೂ ಹೀಗೇ ಒಂದು ದಿನ ಯೋಗ ಬರಬಹುದು. ಹಮಾಲರು ಆಗ ಏನು ಮಾಡುತ್ತಾರೋ.

ಕೊಂಡ ಚಿತ್ರವನ್ನಾದರೂ ಗೋಡೆಗೆ ಹಾಕುತ್ತಾರಾ ಅಂದರೆ ಅದೂ ಗ್ಯಾರಂಟಿ ಇಲ್ಲ. ಜಿನೀವಾದಲ್ಲಿ ಫ್ರೀಪೋರ್ಟ್ ಅಂತ ಗೋದಾಮು ಇದೆ. ಅಲ್ಲಿಟ್ಟ ಮಾಲಿಗೆ, ಅಲ್ಲೇ ಇರುವ ತನಕ, ಸುಂಕ ಇಲ್ಲ, ತೆರಿಗೆ ಇಲ್ಲ. ಹಾಗಾಗಿ ಜಗತ್ತಿನ ಒಳ್ಳೊಳ್ಳೆಯ ಚಿತ್ರಗಳು ಕತ್ತಲಲ್ಲಿ, ಡಬ್ಬಿಯೊಳಗೆ, ತಣ್ಣಗೆ ಕೂತಿವೆ. ಒಳಗಿಂದ ಒಳಗೇ ಮಾಲೀಕರು ಬದಲಾಗುತ್ತಾರೆ, ಚಿತ್ರ ಒಂದು ರೂಮಿನಿಂದ ಇನ್ನೊಂದು ರೂಮಿಗೆ ಹೋಗುತ್ತದೆ. ಬಳ್ಳಾರಿ ಕಡೆ ರೇಟು ಬಿದ್ದಾಗ ಮೆಣಸಿನಕಾಯಿ ಚೀಲವನ್ನು ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟು ಕಾಯುತ್ತಾರಲ್ಲ, ಥೇಟ್ ಅದೇ. ಆದರೆ ಮೆಣಸಿನಕಾಯಿ ಒಂದು ದಿನ ಹೊರಗೆ ಬರುತ್ತದೆ, ಯಾರದೋ ಸಾರಿನಲ್ಲಿ ಬೀಳುತ್ತದೆ.

ನಡುವೆ ರೇಟು ಬಿದ್ದಿತ್ತಂತೆ, ಅದನ್ನೂ ಹೇಳಬೇಕು. ಆರ್ಟ್ ಬಾಸೆಲ್ ಅನ್ನುವ ಕಲಾ ಮೇಳದವರು ಮತ್ತು ಯುಬಿಎಸ್ ಬ್ಯಾಂಕಿನವರ ವರದಿ ಪ್ರಕಾರ 2024ರಲ್ಲಿ ಜಗತ್ತಿನ ಕಲಾ ವ್ಯಾಪಾರ 57.5 ಬಿಲಿಯನ್ ಡಾಲರ್‌ಗೆ ಇಳಿಯಿತು. ಹಿಂದಿನ ವರ್ಷಕ್ಕಿಂತ ಶೇ 12 ಕಡಿಮೆ. ಪಾಪ. ಬೆಂಬಲ ಬೆಲೆ ಘೋಷಿಸಿ ಅಂತ ಯಾರಾದರೂ ಹೆದ್ದಾರಿ ತಡೆದಾರು.

ಕ್ಯಾಟೆಲನ್ ಸಾಹೇಬರದೇ ಬಾಳೆಹಣ್ಣು ನೆನಪಿದೆಯಲ್ಲ? ಗೋಡೆಗೆ ಟೇಪು ಹಚ್ಚಿ ಅಂಟಿಸಿದ್ದು. 2024ರಲ್ಲಿ 62 ಲಕ್ಷ ಡಾಲರ್ ಕೊಟ್ಟು ಕ್ರಿಪ್ಟೋ ಕುಬೇರ ಜಸ್ಟಿನ್ ಸನ್ ಕೊಂಡು, ಹಾಂಗ್‌ಕಾಂಗ್‌ನಲ್ಲಿ ಪತ್ರಕರ್ತರ ಮುಂದೆ ಸುಲಿದು ತಿಂದರು. ಸವಾಲಿನ ದಿನ ಗೋಡೆಗೆ ಹಚ್ಚಿದ್ದ ಹಣ್ಣನ್ನು ಸೋಥೆಬೀಸ್ ಬಾಗಿಲ ಹತ್ತಿರದ ಗಾಡಿಯಲ್ಲಿ 35 ಸೆಂಟಿಗೆ ತಂದಿದ್ದರು. ಕಂಪ್ಲಿಯ ಸುಗಂಧಿ ಬಾಳೆ ತಿಂದು ಬೆಳೆದ ನಮಗೆ ಇದರಲ್ಲಿ ರುಚಿಯ ಪ್ರಶ್ನೆಯೇ ಮೊದಲು ಏಳುವುದು. ಇರಲಿ. ನಾನು ಹೇಳಹೊರಟಿದ್ದು ಹಣ್ಣಿನ ವಿಷಯ ಅಲ್ಲ. ಕೊಂಡವನಿಗೆ ಸಿಕ್ಕಿದ್ದು ಹಣ್ಣೂ ಅಲ್ಲ, ಒಂದು ಪ್ರಮಾಣಪತ್ರ. ಹಣ್ಣು ಕೊಳೆತರೆ ಬೇರೆ ತಂದು ಹಚ್ಚಿ, ಪತ್ರ ಇದ್ದರೆ ಅದೇ ಕಲೆ.

ಇದನ್ನು ಓದಿದಾಗ ನನಗೆ ನಮ್ಮ ಹಳ್ಳಿಗಳ ಶೌಚಾಲಯ ನೆನಪಾಯಿತು. ಕಟ್ಟಲು 12,000 ರೂಪಾಯಿ ಸಹಾಯಧನ. ಗೋಡೆಗೆ ಬಣ್ಣ, ಫಲಾನುಭವಿಯ ಹೆಸರು, ಮುಂದೆ ನಿಲ್ಲಿಸಿ ಫೋಟೋ, ಅಪ್‌ಲೋಡ್. ನೀರಿಲ್ಲ. ಒಳಗೆ ಕಟ್ಟಿಗೆ, ಕುಳ್ಳು, ಮುರಿದ ಸೈಕಲ್ಲು. ಊರಿಗೆ ಮಾತ್ರ 'ಬಯಲು ಶೌಚ ಮುಕ್ತ' ಅಂತ ಪ್ರಮಾಣಪತ್ರ. ನೋಡಬಹುದು, ಬಳಸುವ ಹಾಗಿಲ್ಲ, ಪತ್ರ ಮುಖ್ಯ. ಕ್ಯಾಟೆಲನ್ ಒಬ್ಬನೇ ದೊಡ್ಡ ಕಲಾವಿದ ಅಂದುಕೊಂಡಿದ್ದೀರಾ? ನಮ್ಮಲ್ಲಿ ಪಂಚಾಯ್ತಿಗೊಬ್ಬ ಇದ್ದಾನೆ.

ಇಲ್ಲಿ ನಗು ನಿಲ್ಲುತ್ತದೆ. 2016ರ ಆಗಸ್ಟ್‌ನಲ್ಲಿ ಪ್ರಧಾನಿ ರೇಡಿಯೋದಲ್ಲಿ ನಮ್ಮ ಕೊಪ್ಪಳ ಜಿಲ್ಲೆಯ ಹದಿನಾರು ವರ್ಷದ ಒಬ್ಬ ಹುಡುಗಿಯ ವಿಷಯ ಹೇಳಿದರು. ಮನೆಯಲ್ಲಿ ಕಕ್ಕಸು ಕಟ್ಟಿಸಿ ಅಂತ ಆ ಹುಡುಗಿ ಊಟ ಬಿಟ್ಟಿದ್ದಳು. ಪಂಚಾಯ್ತಿ ಅಧ್ಯಕ್ಷರು 18,000 ರೂಪಾಯಿ ಹೊಂದಿಸಿದರು, ಒಂದು ವಾರದಲ್ಲಿ ಕಕ್ಕಸು ಎದ್ದು ನಿಂತಿತು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಅದೇ 2016ರ ಸೆಪ್ಟೆಂಬರ್‌ನಲ್ಲಿ, ಅಂದರೆ ಬರೀ ಮೂರು ವಾರದ ನಂತರ, ನ್ಯೂಯಾರ್ಕಿನ ಗುಗೆನ್‌ಹೈಮ್ ಮ್ಯೂಸಿಯಮ್ಮಿನಲ್ಲಿ ಮುಂದೆ ಬ್ಲೆನಿಮ್ ಅರಮನೆಯಲ್ಲಿ ಕಳುವಾದ ಆ ಬಂಗಾರದ ಕಕ್ಕಸು ಬಂದು ಕೂತಿತು. ಲಕ್ಷಕ್ಕೂ ಜಾಸ್ತಿ ಜನ ಸಾಲು ನಿಂತು ಹೋಗಿ ಬಂದರು. ಬಾಗಿಲಲ್ಲಿ ಕಾವಲು. ಹದಿನೆಂಟು ಸಾವಿರಕ್ಕೊಂದರಂತೆ ಲೆಕ್ಕ ಹಾಕಿದರೆ ನೂರು ಕೋಟಿಗೆ 55,000 ಕಕ್ಕಸು ಆಗುತ್ತವೆ. ಈ ಲೆಕ್ಕ ಹಾಕಿ ಏನು ಪ್ರಯೋಜನ ಅಂತ ನನಗೂ ಗೊತ್ತು. ಅವರ ದುಡ್ಡು, ಅವರಿಷ್ಟ. ಆದರೆ ಒಂದು ಹುಡುಗಿ ಹೊಲಕ್ಕೆ ಕತ್ತಲಲ್ಲಿ ಹೋಗಲಾರೆ ಅಂತ ಹಸಿದು ಕೂತ ಜಿಲ್ಲೆಯಲ್ಲಿ ಕೂತು ಇದನ್ನು 'ಚಿಂತನೆಗೆ ಹಚ್ಚುವ ಕಲೆ' ಅಂತ ಓದುವಾಗ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಅಷ್ಟೆ.

ಕಲೆ ಅಂದರೆ ಸಿಟ್ಟು ನನಗೆ ಅಂತ ತಿಳಿಯಬೇಡಿ. ಕೊಪ್ಪಳದಿಂದ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿಗೆ ಕಿನ್ನಾಳ. ಚಿತ್ರಗಾರರ ಮನೆಗಳು. ಹಗುರ ಮರವನ್ನು ಕೆತ್ತಿ, ಹುಣಸೆ ಬೀಜದ ಅಂಟು ಹಚ್ಚಿ, ಬಣ್ಣ ಬಳಿದು ಗೌರಿ, ಗರುಡ, ಕಾಮಧೇನು ಮಾಡುತ್ತಾರೆ. ವಿಜಯನಗರದ ಕಾಲದಿಂದ ಬಂದ ಕೈ ಅಂತ ಹೇಳುತ್ತಾರೆ. ಇದು ಈ ಊರಿನದೇ ಅಸಲಿ ಮಾಲು ಅಂತ ಹೇಳುವ ಜಿಐ ಮಾನ್ಯತೆಯೂ ಇದೆ. ಅಂದರೆ ಪ್ರಮಾಣಪತ್ರ ಇದೆ! ಹಾಗಿದ್ದೂ ಒಮ್ಮೆ ಬೆಂಗಳೂರಿನಿಂದ ಬಂದ ನಮ್ಮದೇ ನೆಂಟರೊಬ್ಬರು, ದೊಡ್ಡ ಕಾರಿನವರು, ಗೌರಿ ಗೊಂಬೆ ಹಿಡಿದು "ಇಷ್ಟೊಂದಾ? ಪ್ಲಾಸ್ಟಿಕ್‌ದು ಇನ್ನೂರಕ್ಕೆ ಸಿಗತ್ತಲ್ಲ" ಅಂದರು. ಮಾಡಿದಾತ ಎದುರಿಗೇ ಕೂತಿದ್ದ. ಬೆರಳ ಸಂದಿಯಲ್ಲಿ ಬಣ್ಣ. ಏನೂ ಅನ್ನಲಿಲ್ಲ, ಗೊಂಬೆಯನ್ನು ತಿರುಗಿ ಇಸಿದುಕೊಂಡು ಬಟ್ಟೆಯಿಂದ ಒರೆಸಿ ಇಟ್ಟ. ನಾನು ನೆಲ ನೋಡಿದೆ. ಅದೇ ನೆಂಟರು 2025ರ ಮಾರ್ಚ್‌ನಲ್ಲಿ ಎಂ.ಎಫ್. ಹುಸೇನರ 'ಗ್ರಾಮ ಯಾತ್ರಾ' ಚಿತ್ರ 118 ಕೋಟಿ ರೂಪಾಯಿಗೆ ಹೋದಾಗ 'ಭಾರತೀಯ ಕಲೆಗೆ ಹೆಮ್ಮೆಯ ದಿನ' ಅಂತ ಸ್ಟೇಟಸ್ ಹಾಕಿದ್ದರು. ಹುಸೇನ್ ಇಲ್ಲಿ ಇರಲಾರದೆ 2006ರಲ್ಲಿ ದೇಶ ಬಿಟ್ಟು, ಕತಾರಿನ ಪ್ರಜೆಯಾಗಿ, 2011ರಲ್ಲಿ ಲಂಡನ್ನಿನಲ್ಲಿ ಸತ್ತಿದ್ದು ಸ್ಟೇಟಸ್ಸಿನಲ್ಲಿ ಹಿಡಿಸಿರಲಿಲ್ಲ.

ಹೋಗಲಿ, ಸರಾಫ್ ಅಂಗಡಿಗೆ ಬರೋಣ. ಕೊನೆಗೂ ವ್ಯಾಪಾರ ಮುಗಿಯಿತು. ಮಜೂರಿಯಲ್ಲಿ ಎರಡು ಸಾವಿರ ಬಿಟ್ಟರು, ಒಂದು ಕ್ಯಾಲೆಂಡರ್ ಕೊಟ್ಟರು, ಚಹಾ ಎರಡು ಸಲ ಆಗಿತ್ತು. ಆ ಎರಡನೇ ಚಹಾದ ಪರಿಣಾಮ ಅಕ್ಕ ಮೆಲ್ಲಗೆ ಕೇಳಿದಳು, "ಬಾತ್‌ರೂಮ್ ಎಲ್ಲೈತ್ರೀ?" ಲಕ್ಷಗಟ್ಟಲೆ ಬಿಲ್ಲು ಹರಿದವನು ಕೈ ಮುಗಿದ. "ಇಲ್ರೀ ಅಮ್ಮಾರ, ಬಸ್ ಸ್ಟ್ಯಾಂಡಿಗೆ ಹೋಗಬೇಕ್ರಿ."

ಬಂಗಾರದ ಚೀಲ ಎದೆಗೆ ಅವುಚಿಕೊಂಡು ಹೋದೆವು. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಒಬ್ಬ ಕೂತಿದ್ದ. ಐದು ರೂಪಾಯಿ ಅಂದ. ಅಕ್ಕ ಹತ್ತರ ನೋಟು ಕೊಟ್ಟಳು. ಚಿಲ್ಲರೆ ಇಲ್ಲ ಅಂದ.

"ಯಾಕಪಾ," ಅಂದಳು ಅಕ್ಕ, "ಒಳಗಿಂದೇನು ಬಂಗಾರದ್ದೇನು?"

ಅವನು ಒಮ್ಮೆ ಅಕ್ಕನ ಮುಖ ನೋಡಿದ, ಒಮ್ಮೆ ನನ್ನ ಮುಖ ನೋಡಿದ. ನೋಟನ್ನು ಡಬ್ಬಿಗೆ ಹಾಕಿಕೊಂಡ.