ಆ್ಯಮ್‌ಸ್ಟರ್‌ಡ್ಯಾಂನ ಹಿತ್ತಲ ಬಾಗ್ಲು

ಮೊನ್ನೆ ಶನಿವಾರ ರಾತ್ರಿ ಊಟ ಮುಗಿಸಿ ಒಂದು ಹಳೇ ಡಚ್ ಸಿನಿಮಾ ಹಾಕ್ಕೊಂಡು ಕೂತಿದ್ದೆ. ‘ದೆ ದೋಮಿನೇ’ ಅಂತ, 2004ರದ್ದು, ಗೆರಾರ್ಡ್ ವರ್ಹಾಗೆ ಡೈರೆಕ್ಟರ್. ದೋಮಿನೇ ಅಂದ್ರೆ ಇಲ್ಲಿ, ನೆದರ್ಲೆಂಡ್ಸ್‌ನಲ್ಲಿ, ಚರ್ಚಿನ ಪಾದ್ರಿ. ಆದ್ರೆ ಕತೆ ಪಾದ್ರಿದಲ್ಲ, 80ರ ದಶಕದಲ್ಲಿ ಆ್ಯಮ್‌ಸ್ಟರ್‌ಡ್ಯಾಂನಲ್ಲಿ ಕೂತು ಟನ್‌ಗಟ್ಲೆ ಚರಸ್ ವ್ಯಾಪಾರ ಮಾಡಿದ ಕ್ಲಾಸ್ ಬ್ರೌನ್ಸ್ಮಾ ಅನ್ನೋನದ್ದು. ಸಿನಿಮಾದಲ್ಲಿ ಹೆಸರು ಬದಲಾಯಿಸಿ ಕ್ಲಾಸ್ ಡೋಂಕರ್ಸ್ ಅಂತ ಇಟ್ಟಿದಾರೆ, ಆದ್ರೆ ಯಾರ ಕತೆ ಅಂತ ಇಲ್ಲಿ ಎಲ್ಲರಿಗೂ ಗೊತ್ತು. ಯಾವಾಗ್ಲೂ ಕಪ್ಪು ಬಟ್ಟೆ ಹಾಕ್ತಿದ್ದ, ಸುತ್ತಮುತ್ತ ಇದ್ದೋರಿಗೆ ಹೆಂಗೆ ಬದುಕಬೇಕು ಅಂತ ಉಪದೇಶ ಕೊಡ್ತಿದ್ದ, ಅದಕ್ಕೇ ಪಾದ್ರಿ ಅನ್ನೋ ಅಡ್ಡಹೆಸರು.

ಅರ್ಧ ಸಿನಿಮಾ ಆಗಿತ್ತು, ನನ್ನ ಮಗ ರೂಮಿಂದ ಎದ್ದು ಬಂದು ಪಕ್ಕದಲ್ಲಿ ಕೂತ. ಅವನಿಗೆ ಬರೋ ತಿಂಗಳು 16 ತುಂಬುತ್ತೆ. ನನ್ನ ಡಚ್ ಅಷ್ಟಕ್ಕಷ್ಟೇ, ಅಲ್ಲಲ್ಲಿ ಅರ್ಥ ಆಗದ ಮಾತು ಅವನೇ ಹೇಳ್ಕೊಡ್ತಾ ಇದ್ದ. ಒಂದು ಹತ್ತು ನಿಮಿಷ ನೋಡಿದವನು ಸ್ಕ್ರೀನ್ ಮೇಲಿಂದ ಕಣ್ಣು ತೆಗೀದೆ ಅಂದ, “ಸಖತ್ತಾಗಿದಾನಲ್ಲ ಅಪ್ಪ ಇವ್ನು.”

ನಾನು ಆಗ ಏನೂ ಹೇಳ್ಲಿಲ್ಲ. ಆದ್ರೆ ರಾತ್ರಿ ನಿದ್ದೆ ಹತ್ತಲಿಲ್ಲ, ಆ ಒಂದು ಮಾತಿಗೋಸ್ಕರನೇ ಇಷ್ಟುದ್ದ ಬರೀತಿದೀನಿ, ಓದೋಷ್ಟು ಟೈಮ್ ಇದ್ರೆ ಓದಿ.

ಸಿನಿಮಾ ಕೆಟ್ಟದಾಗಿಲ್ಲ. ಪೀಟರ್ ಪಾಲ್ ಮುಲ್ಲರ್ ಆ ಪಾತ್ರನ ಜೀವ ಹಾಕಿ ಮಾಡಿದಾನೆ, ಅವನು ಇದ್ದಾಗ ಬೇರೆ ಕಡೆ ನೋಡಕ್ಕೇ ಆಗಲ್ಲ. ನನಗೆ ತೊಂದ್ರೆ ಆಗಿದ್ದೂ ಅದೇ. ಈ ಜಾತಿ ಸಿನಿಮಾಗಳ ದಾರಿ ನಮಗೆಲ್ಲ ಗೊತ್ತಿರೋದೇ, ಏರ್ತಾನೆ, ಮೆರೀತಾನೆ, ಒಬ್ಬರನ್ನೂ ನಂಬದ ಹಂಗೆ ಆಗ್ತಾನೆ, ಬೀಳ್ತಾನೆ. ಬಿದ್ದ ತಕ್ಷಣ ಸಿನಿಮಾ ಮುಗೀತು, ನಾವು ಎದ್ದು ನೀರು ಕುಡಿದು ಮಲಗ್ತೀವಿ, ಕತೆನೂ ಮುಗೀತು ಅನ್ಕೋತೀವಿ. ಈ ಊರಲ್ಲಿ ಹನ್ನೊಂದು ವರ್ಷದಿಂದ ಇದೀನಿ, ಆ ಕತೆ ಮುಗಿದಿಲ್ಲ ಅನ್ನೋದನ್ನ ಕಣ್ಣಾರೆ ನೋಡಿದೀನಿ.

ಮೊದ್ಲು ಆ ಮನುಷ್ಯನ ವಿಷಯ. 1953ರಲ್ಲಿ ಆ್ಯಮ್‌ಸ್ಟರ್‌ಡ್ಯಾಂನಲ್ಲಿ ಹುಟ್ಟಿದೋನು. ಇಂಥೋರ ಬಗ್ಗೆ ಮಾತು ಬಂದಾಗ ನಾವು ಬಡತನ, ಹೊಟ್ಟೆಪಾಡು, ಬೇರೆ ದಾರಿ ಇರ್ಲಿಲ್ಲ ಅಂತೆಲ್ಲ ಹೇಳ್ತೀವಲ್ಲ, ಇವನ ವಿಷಯದಲ್ಲಿ ಅದ್ಯಾವುದೂ ನಡೆಯಲ್ಲ. ಇವನಪ್ಪ ‘ರಾಕ್’ ಅನ್ನೋ ಕೂಲ್‌ಡ್ರಿಂಕ್ಸ್ ಕಂಪನಿ ಕಟ್ಟಿದೋನು. ನಮ್ಮ ಕಡೆ ಗೋಲಿಸೋಡಾ ಮಾರಿ ಮನೆ ಕಟ್ಟಿದೋರ ಹಂಗಲ್ಲ, ದೇಶ ಎಲ್ಲ ಹೆಸರು ಗೊತ್ತಿದ್ದ ಬ್ರ್ಯಾಂಡು. ತಾಯಿ ಇಂಗ್ಲೆಂಡಿನವಳು, ಮಕ್ಕಳು ಚಿಕ್ಕವರಿರುವಾಗ್ಲೇ ಮನೆ ಬಿಟ್ಟು ಹೋದಳು, ಮನೆಗೆಲಸದಾಕೆ ಕೈಯಲ್ಲಿ ಬೆಳೆದ್ರು. ಆ ಒಂದು ಕೊರತೆ ಇತ್ತು, ಅದು ಸಣ್ಣದು ಅಂತ ನಾನು ಹೇಳಲ್ಲ. ಆದ್ರೆ ಹಸಿವು ಇರ್ಲಿಲ್ಲ. ಹೈಸ್ಕೂಲಿನಲ್ಲೇ ಚರಸ್ ಸೇದೋದು, ಜೊತೆಗಿದ್ದೋರಿಗೆ ಮಾರೋದು ಶುರು ಮಾಡಿದ. 1970ರಲ್ಲಿ ಮೊದಲ ಸಲ ಪೊಲೀಸರ ಕೈಗೆ ಸಿಕ್ಕಿಬಿದ್ದಾಗ ಅವನಿಗೆ 16 ವರ್ಷ. ಬುದ್ಧಿ ಹೇಳಿ ಕಳಿಸಿದ್ರು ಅಷ್ಟೆ.

ಆ 16 ಅನ್ನೋ ನಂಬರ್ ಓದಿದಾಗ ಎದೆ ಝಲ್ ಅಂತು ನನಗೆ.

ಆಮೇಲೆ ಅವನು ಮಾಡಿದ್ದೇನು ಅಂದ್ರೆ ಅಪ್ಪ ಕೂಲ್‌ಡ್ರಿಂಕ್ಸ್ ಮಾರಿದ ಹಾಗೇ ಚರಸ್ ಮಾರಿದ್ದು. ಎಲ್ಲಿಂದ ತರಿಸೋದು, ಯಾವ ಗೋಡೌನಿನಲ್ಲಿ ಇಡೋದು, ಯಾರು ಲೆಕ್ಕ ಬರಿಯೋದು, ಯಾರು ಕಾವಲು ನಿಲ್ಲೋದು ಎಲ್ಲದಕ್ಕೂ ಒಬ್ಬೊಬ್ಬ ಆಳು. 1979ರಲ್ಲಿ ಪಾಕಿಸ್ತಾನದಿಂದ ತರಿಸಿದ 1,500 ಕಿಲೋ ಮಾಲಿನ ಕೇಸಿನಲ್ಲಿ ಶಿಕ್ಷೆ ಆಯ್ತು, 1983ರಲ್ಲಿ ಕದ್ದ ಮಾಲಿನ ಜಗಳಕ್ಕೆ ಗುಂಡಿನ ಕಾಳಗ ಆಗಿ ಮತ್ತೆ ಜೈಲು, ಆದ್ರೂ ವ್ಯಾಪಾರ ಬೆಳೀತಾನೇ ಹೋಯ್ತು. ಯಾಕೆ ಬೆಳೀತು ಅನ್ನೋದನ್ನ ಇಂಥ ಸಿನಿಮಾಗಳು ಯಾವತ್ತೂ ಸರಿಯಾಗಿ ಹೇಳಲ್ಲ, ನನ್ನ ಪ್ರಕಾರ ಕತೆಯ ಜೀವ ಇರೋದೇ ಅಲ್ಲಿ.

1976ರಲ್ಲಿ ಈ ದೇಶ ತನ್ನ ಅಫೀಮು ಕಾಯ್ದೆನ ತಿದ್ದುಪಡಿ ಮಾಡ್ತು. ಹೆರಾಯಿನ್, ಕೊಕೇನ್ ಒಂದು ಕಡೆ, ಗಾಂಜಾ ಚರಸ್ ಇನ್ನೊಂದು ಕಡೆ. ಉದ್ದೇಶ ಒಳ್ಳೇದೇ, ಒಂದು ಸಿಗರೇಟಿನಷ್ಟು ಗಾಂಜಾ ಸೇದಿದ ಹುಡುಗನ್ನ ಜೈಲಿಗೆ ಹಾಕಿ ಬದುಕು ಹಾಳು ಮಾಡೋದು ಬೇಡ ಅಂತ. ಅದರಿಂದಲೇ ಕಾಫಿಶಾಪ್‌ಗಳು, ಅಂದ್ರೆ ಇಲ್ಲಿ ಗಾಂಜಾ ಚರಸ್ ಮಾರೋ ಅಂಗಡಿಗಳು, ಬೆಳೆದಿದ್ದು. ಇವತ್ತಿನ ರೂಲ್ಸ್ ಪ್ರಕಾರ ಒಬ್ಬರಿಗೆ ದಿನಕ್ಕೆ 5 ಗ್ರಾಂ ಮಾರಬಹುದು, 18 ತುಂಬದೋರು ಒಳಗೆ ಬರೋ ಹಾಗಿಲ್ಲ, ಅಂಗಡಿಯಲ್ಲಿ 500 ಗ್ರಾಂಗಿಂತ ಹೆಚ್ಚು ಸ್ಟಾಕ್ ಇರೋ ಹಾಗಿಲ್ಲ. ಕಾನೂನಿನಲ್ಲಿ ಅದು ಇನ್ನೂ ತಪ್ಪೇ, ಆದ್ರೆ ನೋಡಿಯೂ ನೋಡದ ಹಾಗೆ ಬಿಟ್ಟುಬಿಡ್ತಾರೆ, ಅದಕ್ಕೆ ಇವರ ಭಾಷೆಯಲ್ಲಿ ‘ಖೆಡೋಖೆನ್’ ಅಂತ ಒಂದು ಪದನೇ ಇದೆ. ಸರಿ, ಮುಂದಿನ ಬಾಗ್ಲಲ್ಲಿ ಗಿರಾಕಿ ಬಂದು ರಾಜಾರೋಷವಾಗಿ ತಗೊಂಡು ಹೋಗ್ತಾನೆ. ಆ 500 ಗ್ರಾಂ ಅಂಗಡಿಗೆ ಎಲ್ಲಿಂದ ಬಂತು? ಅದನ್ನ ಬೆಳೆಯೋದು, ಸಾಗಿಸೋದು, ಅಂಗಡಿಗೆ ಮಾರೋದು ಎಲ್ಲ ಅಪರಾಧ. ಮುಂದಿನ ಬಾಗ್ಲು ತೆಗೆದಿಟ್ಟು ಹಿತ್ತಲ ಬಾಗ್ಲಿಗೆ ಬೀಗ. ಇಲ್ಲಿನೋರು ಕೂಡ ಇದನ್ನ ಹಿಂಬಾಗಿಲ ಸಮಸ್ಯೆ ಅಂತಾನೇ ಕರೀತಾರೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ. ಆ ಹಿತ್ತಲ ಬಾಗ್ಲಲ್ಲಿ ನಿಂತು ದುಡ್ಡು ಎಣಿಸಿದೋರಲ್ಲಿ ದೊಡ್ಡೋನು ಬ್ರೌನ್ಸ್ಮಾ. ದಿನಾ ಸಾವಿರಾರು ಜನ ಧೈರ್ಯವಾಗಿ ಕೊಂಡುಕೊಳ್ಳೋ ಸಾಮಾನು, ಅದನ್ನ ಸಪ್ಲೈ ಮಾಡಕ್ಕೆ ಮರ್ಯಾದಸ್ತ ವ್ಯಾಪಾರಿ ಒಬ್ಬನೂ ಬರೋ ಹಾಗಿಲ್ಲ, ಅಂದ್ಮೇಲೆ ಆ ಜಾಗಕ್ಕೆ ಎಂಥೋನು ಬರ್ತಾನೆ ನೀವೇ ಹೇಳಿ.

ಈಗ, ಅಂದ್ರೆ 2025ರಿಂದ, 10 ಊರುಗಳಲ್ಲಿ ಪ್ರಯೋಗ ನಡೀತಿದೆ, ಲೈಸೆನ್ಸ್ ಇರೋ ಬೆಳೆಗಾರರ ಹತ್ರನೇ ಅಲ್ಲಿನ ಕಾಫಿಶಾಪ್‌ಗಳು ಗಾಂಜಾ ತಗೋಬೇಕು ಅಂತ. ಆ್ಯಮ್‌ಸ್ಟರ್‌ಡ್ಯಾಂ ಆ ಪಟ್ಟಿಯಲ್ಲಿಲ್ಲ. 1976ರಿಂದ ಲೆಕ್ಕ ಹಾಕಿ, ಹೆಚ್ಚುಕಡಿಮೆ 50 ವರ್ಷ. ಐವತ್ತು ವರ್ಷ ಆ ಹಿತ್ತಲ ಬಾಗ್ಲು ರೌಡಿಗಳ ಕೈಯಲ್ಲಿತ್ತು. ಇದು ನನಗೆ ನಿಜವಾಗ್ಲೂ ಸಿಟ್ಟು ತರಿಸುತ್ತೆ.

ಬ್ರೌನ್ಸ್ಮಾ ಬಿದ್ದ ಕತೆ ಚಿಕ್ಕದು. ಅವನ ಬಾಡಿಗಾರ್ಡ್ ಆಗಿದ್ದ ಒಬ್ಬ ಕಿಕ್‌ಬಾಕ್ಸರ್‌ನ ಹೆಣ 1985ರಲ್ಲಿ ಕಾಂಕ್ರೀಟಿನೊಳಗೆ ಸಿಕ್ತು, ನದಿಯಲ್ಲಿ. 1990ರ ಫೆಬ್ರವರಿಯಲ್ಲಿ 45 ಟನ್ ಚರಸ್ ಒಂದೇ ಸಲಕ್ಕೆ ಪೊಲೀಸರ ಪಾಲಾಯ್ತು. ನಲವತ್ತೈದು ಟನ್ ಅಂದ್ರೆ ನಮ್ಮೂರ ಲಾರಿಗಳ ಲೆಕ್ಕದಲ್ಲಿ ನಾಲ್ಕೈದು ಲೋಡು. ಬೇರೆಯವರಿಗೆ ಉಪದೇಶ ಹೇಳ್ತಿದ್ದೋನು ಅಷ್ಟೊತ್ತಿಗೆ ತಾನೇ ಕುಡಿತ ಮತ್ತೆ ಕೊಕೇನ್‌ಗೆ ಬಿದ್ದಿದ್ದ. 1991ರ ಜೂನ್ 27ರ ಬೆಳಗಿನ ಜಾವ ಹಿಲ್ಟನ್ ಹೋಟೆಲ್ ಮುಂದೆ ಮಾತಿಗೆ ಮಾತು ಬೆಳೆದು ಮಾರ್ಟಿನ್ ಹೋಖ್‌ಲಾಂಡ್ ಅನ್ನೋನು ಗುಂಡು ಹೊಡೆದ. ಈ ಹೋಖ್‌ಲಾಂಡ್ ಯಾರು? ಮಾಜಿ ಪೊಲೀಸ್. ಬ್ರೌನ್ಸ್ಮಾಗೆ ಆಗ 37 ವರ್ಷ.

ಆ ಹಿಲ್ಟನ್ ಇರೋದು ಅಪೊಲೊಲಾನ್ ಅನ್ನೋ ರೋಡಲ್ಲಿ, ನಾವಿರೋ ಆ್ಯಮ್‌ಸ್ಟಲ್ವೇನ್‌ನಿಂದ ಸೈಕಲ್‌ನಲ್ಲಿ ಅರ್ಧ ಗಂಟೆನೂ ಬೇಡ. ಎರಡೂ ಕಡೆ ದೊಡ್ಡ ಮರ, ಸಾಲಾಗಿ ಶ್ರೀಮಂತರ ಮನೆಗಳು, ಹಿಂದೆ ಕಾಲುವೆ. 1969ರಲ್ಲಿ ಜಾನ್ ಲೆನನ್, ಯೋಕೊ ಓನೊ ಹಾಸಿಗೆ ಮೇಲೆ ಕೂತು ಶಾಂತಿ ಬೇಕು ಅಂತ ಪತ್ರಕರ್ತರನ್ನ ಕರೆದ್ರಲ್ಲ, ಇದೇ ಹೋಟೆಲ್. ಊರಿಂದ ಯಾರು ಬಂದ್ರೂ ನಾನೇ ಅಲ್ಲಿಗೆ ಕರ್ಕೊಂಡು ಹೋಗಿ ಲೆನನ್ ಕತೆ ಹೇಳ್ತಿದ್ದೆ. ಆ ಬಾಗ್ಲ ಮುಂದೆ ಇನ್ನೊಬ್ಬ ಬಿದ್ದು ಸತ್ತಿದ್ದ ಅನ್ನೋದು ಎಷ್ಟೋ ವರ್ಷ ನನಗೇ ಗೊತ್ತಿರ್ಲಿಲ್ಲ.

ಅವನು ಹೋದ, ಅವನು ಕಟ್ಟಿದ ಅಂಗಡಿ ಹೋಗ್ಲಿಲ್ಲ. ಅವನ ಜಾಗಕ್ಕೆ ಬಂದೋರನ್ನ ಹಿಡೀಬೇಕು ಅಂತ ಪೊಲೀಸರು ಒಂದು ಸ್ಪೆಷಲ್ ಟೀಮ್ ನಡೆಸಿದ್ರು, ಐಆರ್‌ಟಿ ಅಂತ. ಅವರು ಹಿಡಿದ ದಾರಿ ಏನಪ್ಪಾ ಅಂದ್ರೆ ಒಬ್ಬ ಮಾಹಿತಿದಾರನನ್ನ ಗ್ಯಾಂಗ್ ಒಳಗೆ ಮೇಲಕ್ಕೆ ಏರಿಸಕ್ಕೆ ಅಂತ ಡ್ರಗ್ಸ್ ಲೋಡುಗಳನ್ನ ಪೊಲೀಸರೇ ಗೊತ್ತಿದ್ದೂ ಒಳಗೆ ಬಿಟ್ಟಿದ್ದು. ಟನ್‌ಗಟ್ಲೆ. ಬೇಲಿನೇ ಎದ್ದು ಹೊಲ ಮೇಯ್ದ ಹಂಗೆ. 1993ರ ಕೊನೆಗೆ ಟೀಮ್ ಮುಚ್ಚಿದ್ರು, ಮುಂದಿನ ವರ್ಷ ಇಬ್ಬರು ಮಂತ್ರಿಗಳು ರಾಜೀನಾಮೆ ಕೊಟ್ರು, ಸಂಸತ್ತಿನ ವಾನ್ ತ್ರಾ ಸಮಿತಿ ವಿಚಾರಣೆ ಮಾಡಿ 1996ರಲ್ಲಿ ರಿಪೋರ್ಟ್ ಕೊಡ್ತು. ಸತ್ತು ಐದು ವರ್ಷ ಆದ್ಮೇಲೂ ಒಬ್ಬ ಮನುಷ್ಯನ ವ್ಯಾಪಾರದ ಕೊಳೆ ಸಂಸತ್ತಿನವರೆಗೆ ಹೋಗಿ ಮುಟ್ಟಿತ್ತು ನೋಡಿ. ಅರಮನೆಗೂ ಮುಟ್ತು, ರಾಜಕುಮಾರ ಫ್ರಿಸೋ ಮದ್ವೆ ಆಗಬೇಕಿದ್ದ ಮಾಬೆಲ್ ಅವರಿಗೆ ಹಿಂದೆ ಬ್ರೌನ್ಸ್ಮಾ ಪರಿಚಯ ಇತ್ತು, ಅದನ್ನ ಪೂರ್ತಿ ಹೇಳಿರ್ಲಿಲ್ಲ ಅಂತ 2003ರಲ್ಲಿ ಗಲಾಟೆ ಆಗಿ ಸರ್ಕಾರ ಮದ್ವೆಗೆ ಸಂಸತ್ತಿನ ಒಪ್ಪಿಗೆ ಕೇಳಲ್ಲ ಅಂತು, ಅವನು ಸಿಂಹಾಸನದ ಹಕ್ಕು ಬಿಟ್ಟೇ 2004ರಲ್ಲಿ ಮದ್ವೆ ಆದ. ಸಿನಿಮಾ ಬಂದಿದ್ದೂ ಅದೇ ವರ್ಷ. ಹೋಖ್‌ಲಾಂಡ್ ಶಿಕ್ಷೆಯ ಕೊನೇ ಹಂತದಲ್ಲಿ ಹೊರಗೆ ಓಡಾಡ್ತಿದ್ದಾಗ ಗುಂಡೇಟಿಗೆ ಬಿದ್ದಿದ್ದೂ ಅದೇ ವರ್ಷ.

ಇದೆಲ್ಲ ಹಳೇದು ಅನ್ಕೋಬೇಡಿ. 2019ರ ಸೆಪ್ಟೆಂಬರ್ 18ರ ಬೆಳಿಗ್ಗೆ ನಮ್ಮ ಪಕ್ಕದ ಬೌಟನ್‌ಫೆಲ್ಡರ್ಟ್‌ನಲ್ಲಿ ಡೆರ್ಕ್ ವಿರ್ಸುಮ್ ಅನ್ನೋ ಲಾಯರ್‌ನ ಅವರ ಮನೆ ಮುಂದೆನೇ ಕೊಂದ್ರು. ಕೊಕೇನ್ ಗ್ಯಾಂಗ್ ವಿರುದ್ಧ ಸಾಕ್ಷಿ ಹೇಳಕ್ಕೆ ಒಪ್ಪಿದ್ದೋನ ಪರ ವಕೀಲಿಕೆ ಮಾಡಿದ್ದು, ಅದೊಂದೇ ಅವರ ತಪ್ಪು. ನಮ್ಮನೆಯವ್ರು ಆವತ್ತು ಮಗನ್ನ ಸ್ಕೂಲಿಗೆ ಬಿಟ್ಟು ಬಂದು ಬಾಗ್ಲು ಹಾಕ್ಕೊಂಡು ಕೂತಿದ್ರು, ನನಗೆ ಮೂರು ಸಲ ಫೋನ್ ಮಾಡಿದ್ರು. ಆಮೇಲೆ 2021ರ ಜುಲೈ 6, ಅದೇ ಸಾಕ್ಷಿಗೆ ಸಲಹೆ ಕೊಡ್ತಿದ್ದ ಪತ್ರಕರ್ತ ಪೀಟರ್ ಆರ್ ದೆ ಫ್ರೀಸ್ ಟೀವಿ ಸ್ಟುಡಿಯೋದಿಂದ ಹೊರಗೆ ಬಂದು ನಡ್ಕೊಂಡು ಹೋಗ್ತಿದ್ದಾಗ, ಊರ ನಡುಮಧ್ಯೆ, ಸಂಜೆ ಹೊತ್ತು, ಗುಂಡು. ಒಂಬತ್ತು ದಿನ ಆದ್ಮೇಲೆ ತೀರ್ಕೊಂಡ್ರು. ನಾನು ಆ ಗಲ್ಲಿಗೆ ಹೋಗಿದ್ದೆ. ಎರಡೂ ಕಡೆ ಹೋಟೆಲುಗಳಿರೋ ಇಕ್ಕಟ್ಟು ರಸ್ತೆ, ನೆಲ ಕಾಣದಷ್ಟು ಹೂವು, ಪ್ಲಾಸ್ಟಿಕ್ ಸುತ್ತಿದ್ದು ಹಾಗೇ ಇಟ್ಟುಬಿಟ್ಟಿದ್ರಿಂದ ಒಳಗೆ ಆವಿ ಕಟ್ಟಿ ಬಾಡಿ ಹೋಗಿತ್ತು, ನಮ್ಮ ಕಡೆ ಸಮಾಧಿ ಹತ್ರ ಬರುತ್ತಲ್ಲ ಆ ವಾಸನೆ. ಒಬ್ಬರು ವಯಸ್ಸಾದ ಹೆಂಗಸು ಬಗ್ಗಿ ಒಂದೊಂದೇ ಗೊಂಚಲಿನ ಪ್ಲಾಸ್ಟಿಕ್ ಬಿಚ್ಚಿ ಪಕ್ಕಕ್ಕಿಡ್ತಾ ಇದ್ರು. ಆ ಗ್ಯಾಂಗಿನ ಮುಖ್ಯಸ್ಥ ರಿದುವಾನ್ ತಾಘಿಗೆ 2024ರ ಫೆಬ್ರವರಿಯಲ್ಲಿ ಜೀವಾವಧಿ ಶಿಕ್ಷೆ ಆಯ್ತು. ಅವನ ಮೇಲೂ ಏರಿದ್ದು, ಬಿದ್ದಿದ್ದು ಅಂತ ಸಿನಿಮಾಗಳು ಬರುತ್ತೆ ನೋಡ್ತಿರಿ, ಬರದೇ ಇರಲ್ಲ, ಅವನ ಪಾತ್ರಕ್ಕೂ ಒಬ್ಬ ಒಳ್ಳೇ ನಟ ಸಿಗ್ತಾನೆ. ವಿರ್ಸುಮ್ ಪಾತ್ರ ಮಾಡೋನಿಗೆ ಎಷ್ಟು ನಿಮಿಷ ಕೊಡ್ತಾರೆ ಅನ್ನೋದು ನನ್ನ ಪ್ರಶ್ನೆ.

ಹೋದ ವರ್ಷ ಮಗನ ಸ್ಕೂಲಲ್ಲಿ ಪೇರೆಂಟ್ಸ್‌ಗೆ ಅಂತ ಒಂದು ಸಂಜೆ ಮೀಟಿಂಗ್ ಕರೆದಿದ್ರು. ರೋಟರ್‌ಡ್ಯಾಂ ಬಂದರಿನಲ್ಲಿ ಕಂಟೇನರ್ ಒಳಗೆ ಬಚ್ಚಿಟ್ಟ ಕೊಕೇನ್‌ನ ರಾತ್ರಿ ಹೊತ್ತು ನುಗ್ಗಿ ಹೊರಗೆ ತರೋ ಹುಡುಗರಿಗೆ ಇಲ್ಲಿ ‘ಔಟ್‌ಹಾಲರ್’ ಅಂತಾರೆ, ಅವರಲ್ಲಿ 15, 16 ವರ್ಷದೋರು ಇರ್ತಾರೆ, ಕೆಲಸಕ್ಕೆ ಕರೆಯೋದು ಸ್ನ್ಯಾಪ್‌ಚಾಟ್‌ನಲ್ಲಿ. ಕಂಟೇನರ್ ಒಳಗೆ ಹೊರಗಿಂದ ತೆಗೆಯೋರು ಬರೋ ತನಕ ಎರಡು ಮೂರು ದಿನ ಕೂತಿರ್ತಾರಂತೆ, ನೀರು ಬಾಟ್ಲು, ಹೊದಿಕೆ, ಪವರ್‌ಬ್ಯಾಂಕ್ ಇಟ್ಕೊಂಡು. ಫೋಟೋ ತೋರಿಸಿದ್ರು. ಒಂದು ಸ್ಲೀಪಿಂಗ್ ಬ್ಯಾಗ್, ಪಕ್ಕದಲ್ಲಿ ಅರ್ಧ ತಿಂದಿಟ್ಟ ಚಿಪ್ಸ್ ಪ್ಯಾಕೆಟ್ಟು, ನಮ್ಮನೆ ಸೋಫಾ ಸಂದಿಯಲ್ಲಿ ವಾರಕ್ಕೊಂದು ಸಿಗೋ ಅಂಥದ್ದೇ. ನನಗೆ ಆ ಚಿಪ್ಸ್ ಪ್ಯಾಕೆಟ್ ಇನ್ನೂ ಕಣ್ಣಿಂದ ಹೋಗಿಲ್ಲ. ಇವತ್ತಿನ ವ್ಯಾಪಾರ ನಿಂತಿರೋದು ಆ ಪ್ಯಾಕೆಟ್ ಬಿಟ್ಟೋದ ಹುಡುಗನ ಮೇಲೆ, ಕಪ್ಪು ಸೂಟ್ ಹಾಕಿದೋನ ಮೇಲಲ್ಲ.

ಅದಕ್ಕೇ ಭಾನುವಾರ ಬೆಳಿಗ್ಗೆ ತಿಂಡಿ ಆದ್ಮೇಲೆ ಮಗನ್ನ ಕರೆದೆ, ಬಾ ಸೈಕಲ್ ತಗೋ ಅಂತ. ಹಿಲ್ಟನ್ ಮುಂದೆ ಹೋಗಿ ನಿಂತ್ವಿ. ಒಂದು ಟ್ಯಾಕ್ಸಿ ಬಂತು, ಹೋಟೆಲ್ ಹುಡುಗ ಸೂಟ್‌ಕೇಸ್ ಇಳಿಸ್ದ, ಅಷ್ಟೆ. ಇಲ್ಲೇ ಅಂದೆ. “ಇಲ್ಲೇನಾ? ಏನೂ ಇಲ್ವಲ್ಲ” ಅಂದ. ಆಮೇಲೆ ನಾನು ಮೇಲೆ ಬರೆದಿದ್ದನ್ನೆಲ್ಲ ಅವನಿಗೆ ಹೇಳಿದೆ, ಕೂಲ್‌ಡ್ರಿಂಕ್ಸ್ ಕಂಪನಿ, ಹಿತ್ತಲ ಬಾಗ್ಲು, ಗುಂಡು ಹೊಡೆದೋನು ಪೊಲೀಸ್ ಆಗಿದ್ದಿದ್ದು, ಲಾಯರ್ ವಿಷಯ, ಮೊದಲ ಸಲ ಸಿಕ್ಕಾಗ 16 ವರ್ಷ ಅನ್ನೋದು. ನಡುನಡುವೆ ಪ್ರಶ್ನೆ ಕೇಳ್ದ, ಕೆಲವಕ್ಕೆ ಫೋನಲ್ಲಿ ಹುಡುಕಿ ನನ್ನೇ ತಿದ್ದಿದ. ವಾಪಸ್ ಹೊರಡೋಣ ಅಂತ ಬಗ್ಗಿ ಸೈಕಲ್ ಬೀಗ ತೆಗೀತಿದ್ದೋನು ತಲೆ ಎತ್ತದೆ ಅಂದ, “ಅಪ್ಪ, ನಮ್ಮ ಕ್ಲಾಸಲ್ಲೊಬ್ಬನಿಗೆ ಸ್ನ್ಯಾಪ್‌ನಲ್ಲಿ ಮೆಸೇಜ್ ಬಂದಿತ್ತು, ಒಂದು ರಾತ್ರಿ ಕೆಲಸ ಅಂತ. ಅವ್ನು ನಂಗೂ ತೋರಿಸ್ದ.”

ನಾನು ನನ್ನ ಸೈಕಲ್‌ನ ಮತ್ತೆ ಸ್ಟ್ಯಾಂಡ್ ಹಾಕಿ ನಿಲ್ಸಿದೆ. ಕಾಲುವೆ ಕಡೆ ಒಂದು ಬೆಂಚ್ ಇತ್ತು, ಅಲ್ಲಿ ಹೋಗಿ ಕೂತ್ವಿ, ಮನೆ ಸೇರೋ ಹೊತ್ತಿಗೆ ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು.