1959ರ ಬೆನ್-ಹರ್ ರಥದೋಟದಲ್ಲಿ ಯಾರೂ ಸತ್ತಿಲ್ಲ

ಪ್ರಾಚೀನ ರೋಮನ್ ಕಾಲದ ಕಥೆ ಹೇಳುವ 1959ರ ಹಾಲಿವುಡ್ ಚಿತ್ರ ‘ಬೆನ್-ಹರ್’ನ ರಥದೋಟದಲ್ಲಿ ಸ್ಟಂಟ್‌ಮನ್ ಒಬ್ಬ ನಿಜಕ್ಕೂ ಸತ್ತ, ಆ ಸಾವನ್ನೇ ಪರದೆಯ ಮೇಲೆ ಉಳಿಸಿಕೊಂಡರು ಎಂಬ ಮಾತು ಮತ್ತೆ ಹರಿದಾಡುತ್ತಿದೆ. ಅದು ಸುಳ್ಳು.

ರೋಮ್‌ನ ಚಿನೆಚಿತ್ತಾ ಸ್ಟುಡಿಯೋದಲ್ಲಿ ಈ ಓಟವನ್ನು ಚಿತ್ರೀಕರಿಸಿದ್ದು ಆಂಡ್ರ್ಯೂ ಮಾರ್ಟನ್ ಮತ್ತು ಯಾಕಿಮಾ ಕನಟ್ ನೇತೃತ್ವದ ಎರಡನೇ ಘಟಕ, ಅಂದರೆ ಮುಖ್ಯ ತಂಡದಿಂದ ಬೇರೆಯಾಗಿ ಇಂಥ ಸಾಹಸ ದೃಶ್ಯಗಳನ್ನು ತೆಗೆಯುವ ತಂಡ. ಒಂದೊಂದು ರಥಕ್ಕೆ ನಾಲ್ಕು ಕುದುರೆ. ಚಾಲಕರಿಗೆ ತಿಂಗಳುಗಟ್ಟಲೆ ತರಬೇತಿ. ಕುದುರೆಗಳ ಕಾಲಡಿ ಸಿಕ್ಕು ನುಜ್ಜುಗುಜ್ಜಾಗುವ ‘ಮನುಷ್ಯರು’ ಕೈಕಾಲಿನ ಕೀಲು ಮಡಚುವಂತೆ ಮಾಡಿದ ಗೊಂಬೆಗಳು. ಅವು ಅಷ್ಟು ಸಹಜವಾಗಿ ಉರುಳಿದ್ದೇ ವದಂತಿಗೆ ಬೀಜ.

ಓಟದ ನಡುವೆ ಎಲ್ಲರ ಎದೆ ಝಲ್ಲೆನಿಸುವ ರಥದ ಜಿಗಿತದಲ್ಲಿ ಆದದ್ದು ಮಾತ್ರ ಅಸಲಿ ಅವಘಡ. ನಾಯಕ ಚಾರ್ಲ್‌ಟನ್ ಹೆಸ್ಟನ್ ಬದಲಿಗೆ ಲಗಾಮು ಹಿಡಿದಿದ್ದವರು ಯಾಕಿಮಾ ಅವರ ಮಗ ಜೋ ಕನಟ್. ಮುರಿದುಬಿದ್ದ ರಥದ ಮೇಲಿಂದ ತಮ್ಮ ರಥ ಹಾರಿದಾಗ ಅವರು ಮುಂದಕ್ಕೆ ಎಸೆಯಲ್ಪಟ್ಟರು. ರಥದ ಮುಂಭಾಗವನ್ನು ಬಿಗಿಯಾಗಿ ಹಿಡಿದುಕೊಂಡಿದ್ದರಿಂದ ಚಕ್ರದಡಿ ಸಿಗದೆ ಬದುಕಿದರು. ಗದ್ದ ಸೀಳಿ ಹೊಲಿಗೆ ಬಿತ್ತು, ಅಷ್ಟೆ. ಆ ತುಣುಕನ್ನು ಬಿಸಾಡದೆ, ಹೆಸ್ಟನ್ ಮತ್ತೆ ರಥ ಹತ್ತುವ ಸಮೀಪದ ಶಾಟ್ ತೆಗೆದು ಜೋಡಿಸಿದರು. ಸಂಕಲನದ ಸೊಗಸು ನೋಡಬೇಕೆಂದರೆ ಆ ಕೆಲವೇ ಸೆಕೆಂಡು ಸಾಕು.

ಹಾಗಾದರೆ ಸಾವಿನ ಕಥೆ ಎಲ್ಲಿಂದ ಬಂತು? ಇದೇ ಕಥೆಯ 1925ರ ಮೂಕಿ ಚಿತ್ರಕ್ಕೆ ರೋಮ್‌ನಲ್ಲಿ ಓಟ ಚಿತ್ರೀಕರಿಸುವಾಗ ಒಬ್ಬ ಸ್ಟಂಟ್‌ಮನ್ ಸತ್ತಿದ್ದ. ಹೆಸರು ಒಂದೇ ಆದ್ದರಿಂದ ಎರಡೂ ಚಿತ್ರಗಳು ಜನರ ಬಾಯಲ್ಲಿ ಕಲಸಿಹೋಗಿವೆ.

ಹೆಸ್ಟನ್ ಕೈಗಡಿಯಾರ ಕಟ್ಟಿದ್ದರು ಎಂಬುದೂ ತಪ್ಪು: ಓಟದಲ್ಲಿ ಅವರ ಮುಂಗೈಗಿದ್ದದ್ದು ಚರ್ಮದ ಪಟ್ಟಿ.